ನ್ಯಾರೋಬೋಟಿನಲ್ಲಿ ಒಂದು ವಾರ: ಇಬ್ಬರೇ ಹೋಗುವವರಿಗೆ ಹಂತ ಹಂತದ ಮಾರ್ಗದರ್ಶಿ

ಇಂಗ್ಲೆಂಡಿನ ಕಾಲುವೆಗಳಲ್ಲಿ ನ್ಯಾರೋಬೋಟ್ ಬಾಡಿಗೆಗೆ ಹಿಡಿದು ಒಂದು ವಾರ ಕಳೆಯಬೇಕು ಅನ್ನುವವರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಅವೇ. ಲೈಸೆನ್ಸ್ ಬೇಕಾ? ಈಜು ಬರಲೇಬೇಕಾ? ನಾವು ಗಂಡ ಹೆಂಡತಿ ಇಬ್ಬರೇ, ಲಾಕ್ (ದೋಣಿಯನ್ನು ಎತ್ತುವ, ಇಳಿಸುವ ನೀರಿನ ತೊಟ್ಟಿ) ದಾಟೋಕೆ ಆಗುತ್ತಾ?

ಬಾಡಿಗೆ ದೋಣಿ ನಡೆಸಲು ಲೈಸೆನ್ಸ್ ಬೇಡ. ಈಜು ಬಾರದಿದ್ದರೆ ಲೈಫ್ ಜಾಕೆಟ್ ಹಾಕಿಕೊಳ್ಳಿ, ಕಂಪನಿಯೇ ಕೊಡುತ್ತದೆ. ಇಬ್ಬರೇ ಧಾರಾಳವಾಗಿ ಹೋಗಬಹುದು. ಆದರೆ ಆತುರ ಮಾತ್ರ ಇರಬಾರದು. ಕೆಳಗೆ ಕೊಟ್ಟಿರುವ ಎಚ್ಚರಿಕೆಗಳಲ್ಲಿ ಹೆಚ್ಚಿನವು ಸುತ್ತಿ ಬಳಸಿ ಅದಕ್ಕೇ ಬಂದು ನಿಲ್ಲುತ್ತವೆ.

ಗೊತ್ತಿಲ್ಲದವರಿಗೆ ಒಂದು ಮಾತು. ನ್ಯಾರೋಬೋಟ್ ಅಂದರೆ ಉದ್ದನೆಯ, ಸಪೂರ ಕಬ್ಬಿಣದ ದೋಣಿ. ಅಗಲ ಏಳು ಅಡಿಗಿಂತ ಒಂಚೂರು ಕಮ್ಮಿ, ಉದ್ದ 30ರಿಂದ 70 ಅಡಿ. ಹದಿನೆಂಟನೇ ಶತಮಾನದಲ್ಲಿ ಕಲ್ಲಿದ್ದಲು, ಮಡಕೆ ಸಾಮಾನು ಸಾಗಿಸಲು ಕಾಲುವೆ ತೋಡಿದಾಗ ಖರ್ಚು ಉಳಿಸಲು ಲಾಕ್‌ಗಳನ್ನು ಏಳಡಿ ಅಗಲಕ್ಕೆ ಕಟ್ಟಿದರು. ದೋಣಿಗಳೂ ಆ ಅಳತೆಗೇ ಬಂದವು. ಆಗ ದಂಡೆಯ ಮೇಲೆ ಕುದುರೆ ನಡೆದು ದೋಣಿ ಎಳೆಯುತ್ತಿತ್ತು. ಆ ದಾರಿಗೆ ಟೋಪಾತ್ ಅನ್ನುತ್ತಾರೆ. ಈಗ ಅದು ವಾಕಿಂಗ್ ಹೋಗುವವರದ್ದು, ಸೈಕಲ್‌ನವರದ್ದು. ಇಂಗ್ಲೆಂಡ್ ಮತ್ತು ವೇಲ್ಸ್‌ನ ಸುಮಾರು 2,000 ಮೈಲಿ ಜಲಮಾರ್ಗವನ್ನು 2012ರಿಂದ ಕೆನಾಲ್ ಅಂಡ್ ರಿವರ್ ಟ್ರಸ್ಟ್ ನೋಡಿಕೊಳ್ಳುತ್ತಿದೆ. ಕಾಲುವೆಯಲ್ಲಿ ವೇಗದ ಮಿತಿ ಗಂಟೆಗೆ 4 ಮೈಲಿ. ಅಂದರೆ ದಂಡೆಯ ಮೇಲೆ ಬಿರಬಿರನೆ ನಡೆಯುವವರು ನಿಮ್ಮನ್ನು ಹಿಂದೆ ಹಾಕುತ್ತಾರೆ. ಅದು ಸಹಿಸೋಕೆ ಆಗಲ್ಲ ಅನ್ನುವವರು ಕಾರು ಬಾಡಿಗೆಗೆ ತಗೊಳ್ಳೋದು ಒಳ್ಳೆಯದು.

ಹಂತ 1: ಕಾಲುವೆ ಆರಿಸಿ

ಮೊದಲ ಸಲ ಹೋಗುವ ಇಬ್ಬರಿಗೆ ನಾನು ಹೇಳುವುದು ಲ್ಯಾಂಗೋಲೆನ್ ಕಾಲುವೆ, ಅದರಲ್ಲೂ ಎಲ್ಸ್‌ಮಿಯರ್ ಊರಿನಿಂದ ಲ್ಯಾಂಗೋಲೆನ್‌ವರೆಗಿನ ಭಾಗ. ಹೆಚ್ಚುಕಮ್ಮಿ 20 ಮೈಲಿಗೆ ಎರಡೇ ಲಾಕ್. ಆದರೂ ದಾರಿಯಲ್ಲಿ ಎರಡು ಎತ್ತರದ ಮೇಲ್ಗಾಲುವೆ (ಕಣಿವೆಯ ಮೇಲೆ ಸೇತುವೆಯಂತೆ ಕಟ್ಟಿದ ಕಾಲುವೆ) ಇವೆ, ಸುರಂಗ ಇದೆ, ಕೊನೆಯಲ್ಲಿ ವೇಲ್ಸ್‌ನ ಬೆಟ್ಟಗಳಿವೆ. ಕಾರಿಲ್ಲದವರು ಚರ್ಕ್ ಸ್ಟೇಷನ್ನಿಗೆ ರೈಲಿನಲ್ಲಿ ಬಂದಿಳಿಯಬಹುದು, ಕಾಲುವೆ ಪಕ್ಕದಲ್ಲೇ ಇದೆ. ಲಾಕ್ ಸಹವಾಸವೇ ಬೇಡ ಅನ್ನುವವರಿಗೆ ಆಶ್ಬಿ ಕಾಲುವೆ ಇದೆ. ಬೆಟ್ಟದ ಬದಿಯಲ್ಲೇ ಸಾಗಬೇಕೆಂದರೆ ದಕ್ಷಿಣ ವೇಲ್ಸ್‌ನ ಮನ್ಮತ್‌ಶೈರ್ ಅಂಡ್ ಬ್ರೆಕನ್ ಕಾಲುವೆ, ಅಲ್ಲೂ ಲಾಕ್ ಕಮ್ಮಿ.

ಇಲ್ಲಿ ಬಹಳ ಜನ ಎಡವುವುದು ರಿಂಗ್ ಆಸೆಗೆ. ರಿಂಗ್ ಅಂದರೆ ನಾಲ್ಕೈದು ಕಾಲುವೆ ಸುತ್ತಿ ಹೊರಟ ಜಾಗಕ್ಕೇ ಬರುವ ದಾರಿ. ಫೋರ್ ಕೌಂಟೀಸ್ ರಿಂಗ್ ಸುಮಾರು 110 ಮೈಲಿ, 94 ಲಾಕ್. ವಾರದಲ್ಲಿ ಮುಗಿಸುವವರಿದ್ದಾರೆ. ಆದರೆ ಇಬ್ಬರೇ ಆದರೆ ಅದು ರಜೆಯಲ್ಲ, ಕೂಲಿ ಕೆಲಸ.

ಲೆಕ್ಕ ಹೀಗೆ ಹಾಕಿ: ಮೈಲಿಗಳಿಗೆ ಲಾಕ್‌ಗಳ ಸಂಖ್ಯೆ ಕೂಡಿಸಿ, ಮೂರರಿಂದ ಭಾಗಿಸಿ. ಬಂದದ್ದು ಗಂಟೆಗಳು. 20 ಮೈಲಿ, 2 ಲಾಕ್ ಅಂದರೆ ಏಳೂಕಾಲು ಗಂಟೆ ಹತ್ತಿರ. ಆದರೆ ಲ್ಯಾಂಗೋಲೆನ್ ಕಾಲುವೆಯ ನೀರು ನಿಂತ ನೀರಲ್ಲ. ಡೀ ನದಿಯಿಂದ ನೀರು ಇದರೊಳಗೆ ಬಂದು, ಕೆಳಗೆ ಹರ್ಲ್‌ಸ್ಟನ್ ಜಲಾಶಯದವರೆಗೆ ಹರಿಯುತ್ತದೆ. ಹಾಗಾಗಿ ಹೋಗುವಾಗ ಎದುರು ನೀರು, ಬರುವಾಗ ಹರಿವಿನ ಜೊತೆ. ಹೋಗುವ ದಾರಿಗೆ ಎರಡು ಮೂರು ಗಂಟೆ ಜಾಸ್ತಿ ಇಟ್ಟುಕೊಳ್ಳಿ. ದಿನಕ್ಕೆ ನಾಲ್ಕೈದು ಗಂಟೆಗಿಂತ ಜಾಸ್ತಿ ಓಡಿಸಬೇಡಿ. ಐದಾರು ದಿನದ ದಾರಿಯನ್ನು ನಾಲ್ಕು ದಿನಕ್ಕೆ ತುರುಕಿದರೆ ಕೊನೆಯ ದಿನ ಕತ್ತಲಲ್ಲಿ ದೋಣಿ ನಡೆಸುವ ಗತಿ ಬರುತ್ತದೆ. ಬಾಡಿಗೆ ದೋಣಿಗೆ ಅದು ಸಾಮಾನ್ಯವಾಗಿ ನಿಷಿದ್ಧ.

ಹಂತ 2: ದೋಣಿ ಬುಕ್ ಮಾಡಿ

ಇಬ್ಬರಿಗೆ 40ರಿಂದ 48 ಅಡಿ ಸಾಕೋ ಸಾಕು. ಬುಕ್ ಮಾಡುವ ಮುಂಚೆ ಇವಿಷ್ಟು ಕೇಳಿಕೊಳ್ಳಿ.

ಹಿಂಭಾಗ ಯಾವ ಥರದ್ದು? ದೋಣಿಯನ್ನು ನಡೆಸುವುದು ಹಿಂದೆ ನಿಂತು. ಕ್ರೂಸರ್ ಸ್ಟರ್ನ್ ಅಂದರೆ ಹಿಂದೆ ವಿಶಾಲವಾದ ಕಟ್ಟೆ ಇರುತ್ತದೆ, ಇಬ್ಬರೂ ಕುರ್ಚಿ ಹಾಕಿಕೊಂಡು ಮಾತಾಡುತ್ತಾ ಹೋಗಬಹುದು. ಟ್ರೆಡಿಷನಲ್ ಸ್ಟರ್ನ್‌ನಲ್ಲಿ ಒಬ್ಬರಿಗೇ ಜಾಗ. ನೋಡಲು ಚೆಂದ, ಜೋಡಿಗೆ ಬೇಡ.

ಹಾಸಿಗೆ ಕಾಯಂ ಇದೆಯಾ? ಕೆಲವದರಲ್ಲಿ ಊಟದ ಮೇಜನ್ನೇ ದಿನಾ ರಾತ್ರಿ ಬಿಚ್ಚಿ ಮಂಚ ಮಾಡಬೇಕು. ಎರಡನೇ ದಿನಕ್ಕೇ ಸಾಕಾಗುತ್ತದೆ.

ಟಾಯ್ಲೆಟ್ ಯಾವುದು? ಪಂಪ್‌ಔಟ್ ಆದರೆ ದೊಡ್ಡ ಟ್ಯಾಂಕ್, ಇಬ್ಬರಿಗೆ ವಾರ ಪೂರ್ತಿ ಬರುತ್ತದೆ, ಕೊನೆಗೆ ಕಂಪನಿಯೇ ಖಾಲಿ ಮಾಡಿಕೊಳ್ಳುತ್ತದೆ. ಕ್ಯಾಸೆಟ್ ಆದರೆ ಎರಡು ಮೂರು ದಿನಕ್ಕೊಮ್ಮೆ ನೀವೇ ಡಬ್ಬ ಹೊತ್ತುಕೊಂಡು ಹೋಗಿ ಸುರಿಯಬೇಕು. ನಾಚಿಕೆ ಬಿಟ್ಟು ಕೇಳಿ.

ಡೀಸೆಲ್ ಬಾಡಿಗೆಯಲ್ಲಿ ಸೇರಿದೆಯಾ? ಡ್ಯಾಮೇಜ್ ಡೆಪಾಸಿಟ್ ಎಷ್ಟು? ಬೇಸಿಗೆ ರಜೆಯಲ್ಲಿ ಇಬ್ಬರ ದೋಣಿಯ ವಾರದ ಬಾಡಿಗೆಯೇ ಸಾವಿರ ಪೌಂಡ್ ದಾಟುತ್ತದೆ. ಏಪ್ರಿಲ್, ಸೆಪ್ಟೆಂಬರ್ ಕೊನೆಯಲ್ಲಿ ಕಮ್ಮಿ, ಜನವೂ ಕಮ್ಮಿ. ಮೊದಲ ಸಲಕ್ಕೆ ಮೂರು ನಾಲ್ಕು ರಾತ್ರಿಯ ಬುಕಿಂಗೂ ಸಿಗುತ್ತದೆ, ಆದರೆ ಅಷ್ಟರಲ್ಲಿ ಕೈ ಪಳಗುವ ಹೊತ್ತಿಗೆ ವಾಪಸ್ ಬರಬೇಕಾಗುತ್ತದೆ.

ಬುಕ್ ಮಾಡುವ ಮುಂಚೆ ಒಮ್ಮೆ, ಹೊರಡುವ ವಾರ ಇನ್ನೊಮ್ಮೆ, ಟ್ರಸ್ಟಿನ ವೆಬ್‌ಸೈಟಿನಲ್ಲಿ ಸ್ಟಾಪೇಜ್ ಪಟ್ಟಿ ನೋಡಿ. ಸ್ಟಾಪೇಜ್ ಅಂದರೆ ಕಾಲುವೆಯ ಒಂದು ಭಾಗ ಮುಚ್ಚಿರುವುದು. ಚಳಿಗಾಲದಲ್ಲಿ ರಿಪೇರಿಗೆ ಮುಚ್ಚುತ್ತಾರೆ. ಬೇಸಿಗೆಯಲ್ಲಿ ಮಳೆ ಕೈಕೊಟ್ಟರೆ ಜಲಾಶಯ ಖಾಲಿಯಾಗಿ ಮುಚ್ಚುತ್ತಾರೆ. ದಂಡೆ ಒಡೆದು ತಿಂಗಳುಗಟ್ಟಲೆ ದಾರಿ ಬಂದ್ ಆಗುವುದೂ ಉಂಟು.

ಹಂತ 3: ಸಾಮಾನು

ದೊಡ್ಡ ಸೂಟ್‌ಕೇಸ್ ಬೇಡ, ಇಡಲು ಜಾಗವಿಲ್ಲ. ಮಡಚುವ ಬಟ್ಟೆಬ್ಯಾಗ್ ತನ್ನಿ. ಜಾರದ ಶೂ, ಮಳೆ ಕೋಟು, ಟಾರ್ಚ್, ಒಂದು ಜೊತೆ ಕೈಗವಸು ಬೇಕೇ ಬೇಕು. ಒದ್ದೆ ಹಗ್ಗ ಎಳೆಯುವಾಗ ಕೈಗವಸಿನ ಬೆಲೆ ಗೊತ್ತಾಗುತ್ತದೆ.

ಅಡುಗೆ ವಿಷಯಕ್ಕೆ ಬರೋಣ, ನಮ್ಮವರು ಜಾಸ್ತಿ ಕೇಳುವುದು ಇದನ್ನೇ. ದೋಣಿಯಲ್ಲಿ ಗ್ಯಾಸ್ ಒಲೆ, ಚಿಕ್ಕ ಫ್ರಿಜ್, ಸಿಂಕ್ ಎಲ್ಲ ಇರುತ್ತದೆ. ಪ್ರೆಶರ್ ಕುಕ್ಕರ್ ಧಾರಾಳವಾಗಿ ತನ್ನಿ. ಮಿಕ್ಸಿ, ಎಲೆಕ್ಟ್ರಿಕ್ ರೈಸ್ ಕುಕ್ಕರ್ ಮನೆಯಲ್ಲೇ ಬಿಡಿ. ದೋಣಿಯ ಕರೆಂಟ್ ಬರುವುದು ಬ್ಯಾಟರಿಯಿಂದ. ಮೊಬೈಲ್ ಚಾರ್ಜ್‌ಗೆ, ಲೈಟಿಗೆ ಸಾಕು, ಮಿಕ್ಸಿಯಂಥವು ಹಾಕಿದರೆ ಬ್ಯಾಟರಿ ಕೂತುಬಿಡುತ್ತದೆ. ಚಟ್ನಿಪುಡಿ, ಸಾರಿನ ಪುಡಿ, ಗೊಜ್ಜು ಡಬ್ಬಿಯಲ್ಲಿ ತಂದರೆ ವಾರ ಸರಾಗ. ಒಗ್ಗರಣೆ ಹಾಕುವ ಮೊದಲು ಪಕ್ಕದ ಬಾಗಿಲು ತೆಗೆದಿಡಿ, ಇಲ್ಲದಿದ್ದರೆ ಸಾಸಿವೆ ಸಿಡಿಯುವ ಮೊದಲೇ ಸ್ಮೋಕ್ ಅಲಾರಂ ಕೂಗುತ್ತದೆ.

ಒಂದು ಎಚ್ಚರಿಕೆ, ಇದು ತಮಾಷೆಯಲ್ಲ. ಚಳಿ ಅಂತ ಗೋಡೆಯಲ್ಲೋ ಚಾವಣಿಯಲ್ಲೋ ಇರುವ ಗಾಳಿಕಂಡಿಗೆ ಬಟ್ಟೆ ತುರುಕಬೇಡಿ. ಗ್ಯಾಸ್, ಸೌದೆ ಒಲೆ ಉರಿಯುವ ಮುಚ್ಚಿದ ಜಾಗದಲ್ಲಿ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ, ಪ್ರಾಣ ತೆಗೆಯುತ್ತದೆ. ಅದರ ಅಲಾರಂ ಕೆಲಸ ಮಾಡುತ್ತಿದೆಯಾ ಅಂತ ಮೊದಲ ದಿನವೇ ಬಟನ್ ಒತ್ತಿ ನೋಡಿ.

ಹಂತ 4: ದೋಣಿ ಕೈಗೆ ಬಂದಾಗ

ಸಾಮಾನ್ಯವಾಗಿ ಮಧ್ಯಾಹ್ನ ಎರಡು ಮೂರು ಗಂಟೆಗೆ ದೋಣಿ ಕೊಡುತ್ತಾರೆ. ಕಂಪನಿಯವರು ಅರ್ಧ ಮುಕ್ಕಾಲು ಗಂಟೆ ಎಲ್ಲ ತೋರಿಸಿ, ಸ್ವಲ್ಪ ದೂರ ಜೊತೆಗೂ ಬರುತ್ತಾರೆ. ಇಬ್ಬರೂ ಕಲಿಯಿರಿ. ಒಬ್ಬರು ಬ್ಯಾಗ್ ಬಿಚ್ಚುತ್ತಾ, ಇನ್ನೊಬ್ಬರು ಪಾಠ ಕೇಳುತ್ತಾ ಇದ್ದರೆ ಮರುದಿನ ಪಂಚಾಯ್ತಿ ಶುರು. ಇಂಜಿನ್ ಚಾಲೂ ಮಾಡುವುದು, ಗ್ಯಾಸ್ ಬಂದ್ ಮಾಡುವುದು, ನೀರು ತುಂಬುವ ಬಾಯಿ ಇವನ್ನು ಫೋನಿನಲ್ಲಿ ವಿಡಿಯೋ ಮಾಡಿಕೊಳ್ಳಿ. ಡೀಸೆಲ್ ಬಾಯಿಗೂ ನೀರಿನ ಬಾಯಿಗೂ ಮುಚ್ಚಳ ಒಂದೇ ಥರ ಕಾಣಬಹುದು, ಮೇಲೆ ಬರೆದದ್ದನ್ನು ಓದಿಯೇ ಪೈಪ್ ಇಡಿ.

ನಿಮ್ಮ ಕೈಗೆ ಎರಡು ಮುಖ್ಯ ವಸ್ತು ಬರುತ್ತವೆ. ಒಂದು ವಿಂಡ್ಲಾಸ್, ಲಾಕ್ ತೆಗೆಯಲು ತಿರುಗಿಸುವ ಎಲ್ ಆಕಾರದ ಕಬ್ಬಿಣದ ಹಿಡಿ. ಎರಡು ಕೇಳಿ ಪಡೆಯಿರಿ, ಒಂದು ನೀರಿಗೆ ಬಿದ್ದೇ ಬೀಳುತ್ತದೆ. ಇನ್ನೊಂದು ಟ್ರಸ್ಟಿನ ಬೀಗದ ಕೈ, ನೀರಿನ ನಲ್ಲಿ ಮತ್ತು ಟಾಯ್ಲೆಟ್ ಖಾಲಿ ಮಾಡುವ ಜಾಗಗಳಿಗೆ. ಅದಕ್ಕೆ ತೇಲುವ ಬೆಂಡು ಕಟ್ಟಿರಲಿ.

ಹಂತ 5: ಓಡಿಸುವುದು

ಸ್ಟೀರಿಂಗ್ ಚಕ್ರ ಇಲ್ಲ. ಟಿಲ್ಲರ್ ಅನ್ನುವ ಉದ್ದನೆಯ ಹಿಡಿ ಇರುತ್ತದೆ. ಎಡಕ್ಕೆ ಹೋಗಬೇಕೆಂದರೆ ಹಿಡಿಯನ್ನು ಬಲಕ್ಕೆ ತಳ್ಳಬೇಕು. ಮೊದಲ ಅರ್ಧ ಗಂಟೆ ಎಲ್ಲರೂ ಹಾವಿನ ಥರ ಹೋಗುತ್ತಾರೆ, ಅದಕ್ಕೆ ಕಾರಣ ಇದೆ. ಟಿಲ್ಲರ್ ತಿರುಗಿಸಿದ ಮೇಲೆ ದೋಣಿ ತಿರುಗಲು ಎರಡು ಮೂರು ಸೆಕೆಂಡ್ ಬೇಕು. ಅಷ್ಟರಲ್ಲಿ ಕೆಲಸ ಆಗಲಿಲ್ಲ ಅಂತ ಇನ್ನಷ್ಟು ತಳ್ಳುತ್ತೀರಿ. ಸ್ವಲ್ಪ ತಳ್ಳಿ, ಕಾಯಿರಿ, ಮೂತಿ ತಿರುಗತೊಡಗಿದ ತಕ್ಷಣ ನೇರ ಮಾಡಿ. ದೋಣಿ ತನ್ನ ನಡುವಿನ ಸುತ್ತ ತಿರುಗುತ್ತದೆ, ಅಂದರೆ ಮೂತಿ ಎಡಕ್ಕೆ ಹೋದರೆ ಬಾಲ ಬಲಕ್ಕೆ ಬೀಸುತ್ತದೆ. ದಂಡೆಗೆ ತೀರಾ ಅಂಟಿಕೊಂಡು ತಿರುಗಿಸಿದರೆ ಬಾಲ ಬಡಿಯುತ್ತದೆ.

ಬ್ರೇಕ್ ಇಲ್ಲ. ನಿಲ್ಲಿಸಲು ರಿವರ್ಸ್ ಹಾಕಬೇಕು. ರಿವರ್ಸ್‌ನಲ್ಲಿ ಟಿಲ್ಲರ್ ಮಾತು ಕೇಳುವುದಿಲ್ಲ. ಹಾಗಾಗಿ ವೇಗ ಬೇಗ ಇಳಿಸಿ.

ರಸ್ತೆಯಲ್ಲಿ ಎಡಕ್ಕೆ ಹೋಗುವ ದೇಶವಾದರೂ ನೀರಿನಲ್ಲಿ ಬಲಕ್ಕೆ. ಎದುರು ದೋಣಿ ಬಂದರೆ ನೀವು ನಿಮ್ಮ ಬಲಕ್ಕೆ ಸರಿಯಬೇಕು. ಆದರೆ ದೂರದಿಂದಲೇ ಗಾಬರಿಯಾಗಿ ದಂಡೆ ಪಕ್ಕ ಹೋಗಬೇಡಿ, ಅಲ್ಲಿ ಆಳ ಇರುವುದಿಲ್ಲ, ಕೆಸರಿಗೆ ಕೂರುತ್ತೀರಿ. ಹತ್ತಿರ ಬಂದಾಗ ಸ್ವಲ್ಪ ಸರಿದರೆ ಸಾಕು. ಕಟ್ಟಿ ಹಾಕಿದ ದೋಣಿಗಳ ಪಕ್ಕ ಹೋಗುವಾಗ ಇಂಜಿನನ್ನು ತೀರಾ ನಿಧಾನಕ್ಕೆ ಇಳಿಸಿ. ನಿಮ್ಮ ಅಲೆಗೆ ಅವರ ಹಗ್ಗ ಎಳೆದು, ಗೂಟ ಕಿತ್ತು, ಒಲೆಯ ಮೇಲಿನ ಪಾತ್ರೆ ಜಾರುತ್ತದೆ. ಹಿಂದೆ ಅಲೆ ಒಡೆದು ದಂಡೆಗೆ ಬಡಿಯುತ್ತಿದ್ದರೆ ನೀವು ವೇಗವಾಗಿದ್ದೀರಿ ಅಂತಲೇ ಲೆಕ್ಕ. ಗಾಳ ಹಾಕಿ ಕೂತವರು ಕಂಡರೆ ಕಾಲುವೆಯ ನಡುವಿನಲ್ಲೇ ನಿಧಾನವಾಗಿ ಹೋಗಿ, ಅವರೇ ಕೋಲು ಎತ್ತುತ್ತಾರೆ.

ಕೆಸರಿಗೆ ಕೂತರೆ ಮುಂದಕ್ಕೆ ರೇಸ್ ಮಾಡಬೇಡಿ. ಬಂದ ದಾರಿಯಲ್ಲೇ ರಿವರ್ಸ್ ಹಾಕಿ, ಒಬ್ಬರು ಆಳ ಇರುವ ಬದಿಗೆ ಹೋಗಿ ನಿಲ್ಲಿ, ಗಳುವಿನಿಂದ ದಂಡೆಯನ್ನು ತಳ್ಳಿ.

ಕಾಲಿನಿಂದ ಮಾತ್ರ ಯಾವತ್ತೂ ತಳ್ಳಬೇಡಿ. ದೋಣಿ ಹತ್ತು ಟನ್ನಿಗೂ ಜಾಸ್ತಿ ತೂಗುತ್ತದೆ, ದಂಡೆಗೂ ಅದಕ್ಕೂ ನಡುವೆ ಸಿಕ್ಕಿದ ಕಾಲು ಉಳಿಯುವುದಿಲ್ಲ. ದೋಣಿ ಬಡಿದರೆ ಬಡಿಯಲಿ, ಕಬ್ಬಿಣ ಅಲ್ವಾ. ಯಾರಾದರೂ ನೀರಿಗೆ ಬಿದ್ದರೆ ಮೊದಲ ಕೆಲಸ ಇಂಜಿನ್ ನ್ಯೂಟ್ರಲ್‌ಗೆ ತರುವುದು. ಅವರನ್ನು ಹಿಡಿಯಲು ಅಂತ ರಿವರ್ಸ್ ಹಾಕಬೇಡಿ, ಪ್ರೊಪೆಲರ್ ಹಿಂದೆಯೇ ಇದೆ. ಎಷ್ಟೋ ಕಡೆ ನೀರು ಎದೆಮಟ್ಟವೂ ಇರುವುದಿಲ್ಲ, ಎದ್ದು ನಿಲ್ಲಿ ಅಂತ ಕೂಗಿ.

ಹಂತ 6: ಲಾಕ್ ದಾಟುವುದು

ಲಾಕ್ ಅಂದರೆ ದೋಣಿಯನ್ನು ಎತ್ತುವ, ಇಳಿಸುವ ನೀರಿನ ತೊಟ್ಟಿ. ಎರಡೂ ತುದಿಗೆ ಗೇಟು. ಗೇಟಿನಲ್ಲೋ ಪಕ್ಕದ ನೆಲದಲ್ಲೋ ಪ್ಯಾಡಲ್ ಇರುತ್ತವೆ. ನಮ್ಮ ಕೆರೆಯ ತೂಬಿದ್ದ ಹಾಗೆ, ಎತ್ತಿದರೆ ನೀರು ಹರಿಯುತ್ತದೆ, ಇಳಿಸಿದರೆ ನಿಲ್ಲುತ್ತದೆ. ಅದನ್ನು ಎತ್ತಲು ವಿಂಡ್ಲಾಸ್.

ಕೆಲಸ ಹಂಚಿಕೊಳ್ಳುವುದರಲ್ಲೇ ಅರ್ಧ ಗೆಲುವು. ಹೆಚ್ಚಿನ ಜೋಡಿಗಳಲ್ಲಿ ಗಂಡ ಟಿಲ್ಲರ್ ಹಿಡಿದು ನಿಂತಿರುತ್ತಾನೆ, ಹೆಂಡತಿ ಒಂದು ಟನ್ನಿಗೂ ಮೀರಿದ ಗೇಟನ್ನು ತಳ್ಳುತ್ತಿರುತ್ತಾಳೆ. ಇದು ಉಲ್ಟಾ ಆಗಬೇಕು. ಟಿಲ್ಲರ್‌ಗೆ ತಾಳ್ಮೆ ಸಾಕು, ಗೇಟಿಗೆ ಬಲ ಬೇಕು. ಮತ್ತೆ ಇಂಜಿನ್ ಸದ್ದಿನಲ್ಲಿ ಮಾತು ಕೇಳುವುದಿಲ್ಲ. ನಿಲ್ಲು, ಬಾ, ಪ್ಯಾಡಲ್ ಇಳಿಸು ಈ ಮೂರಕ್ಕೆ ಕೈಸನ್ನೆ ಮೊದಲೇ ಗೊತ್ತುಮಾಡಿಕೊಳ್ಳಿ. ಲಾಕ್ ಪಕ್ಕ ಕಿರುಚಾಡುವ ಜೋಡಿಗಳು ಕಾಲುವೆಯ ಉದ್ದಕ್ಕೂ ಸಿಗುತ್ತಾರೆ. ಬಹಳ ಸಲ ಅದು ಜಗಳವಲ್ಲ, ಸುಮ್ನೆ ಕೇಳಿಸದೆ ಇರುವುದು.

ಮೇಲಕ್ಕೆ ಏರುವಾಗ:

1. ಲಾಕ್‌ಗೆ ಮುಂಚೆ ಗಿಡ್ಡ ಕಂಬಗಳಿರುವ ಕಟ್ಟೆಗೆ ದೋಣಿ ತಾಗಿಸಿ, ಒಬ್ಬರು ಇಳಿಯಿರಿ. ಹಾರಬೇಡಿ, ಹೆಜ್ಜೆ ಇಟ್ಟು ಇಳಿಯಿರಿ.
2. ತೊಟ್ಟಿ ತುಂಬಿದ್ದರೆ, ಮೇಲಿನಿಂದ ಯಾರಾದರೂ ಬರುತ್ತಿದ್ದಾರಾ ನೋಡಿ. ಬರುತ್ತಿದ್ದರೆ ಅವರಿಗೆ ಬಿಡಿ. ಏಳಡಿ ಆಳದ ಒಂದು ತೊಟ್ಟಿ ಖಾಲಿ ಮಾಡಿದರೆ ಸುಮಾರು ಒಂದು ಲಕ್ಷ ಲೀಟರ್ ನೀರು ಕೆಳಗೆ ಹೋಗುತ್ತದೆ, ಸುಮ್ನೆ ಯಾಕೆ.
3. ಕೆಳಗಿನ ಪ್ಯಾಡಲ್ ಎತ್ತಿ, ತೊಟ್ಟಿ ಖಾಲಿಯಾದ ಮೇಲೆ ಕೆಳಗಿನ ಗೇಟು ತೆರೆಯಿರಿ. ದೋಣಿ ಒಳಗೆ ಬರಲಿ. ಗೇಟು ಮುಚ್ಚಿ, ಕೆಳಗಿನ ಪ್ಯಾಡಲ್ ಎಲ್ಲ ಇಳಿದಿವೆಯಾ ನೋಡಿ.
4. ಮೇಲಿನ ನೆಲದ ಪ್ಯಾಡಲನ್ನು ಮೊದಲು ಅರ್ಧ ಎತ್ತಿ. ನೀರು ನುಗ್ಗಿ ದೋಣಿ ಹಿಂದೆ ಮುಂದೆ ಎಳೆದಾಡುತ್ತದೆ. ಅದು ಸಮಾಧಾನಕ್ಕೆ ಬಂದ ಮೇಲೆ ಪೂರ್ತಿ ಎತ್ತಿ. ಗೇಟಿನಲ್ಲೂ ಪ್ಯಾಡಲ್ ಇದ್ದರೆ ಅದು ಕೊನೆಗೆ. ಮೊದಲೇ ಎತ್ತಿದರೆ ನೀರು ನೇರ ದೋಣಿಯ ಮೂತಿಗೆ ಸುರಿಯುತ್ತದೆ.
5. ಏರುವಷ್ಟು ಹೊತ್ತೂ ದೋಣಿಯ ಮೂತಿ ಗೇಟಿನ ಮರಕ್ಕೋ ಕಲ್ಲಿಗೋ ಸಿಕ್ಕಿಹಾಕಿಕೊಂಡಿಲ್ಲ ಅಂತ ನೋಡುತ್ತಿರಿ.
6. ಮಟ್ಟ ಸಮ ಆದ ಮೇಲೆ ಗೇಟು ತೆರೆಯಿರಿ. ದೋಣಿ ಹೊರಗೆ ಹೋಗಲಿ. ಪ್ಯಾಡಲ್ ಇಳಿಸಿ, ಗೇಟು ಮುಚ್ಚಿ, ಆಮೇಲೆ ಹತ್ತಿ.

ಗೇಟು ತಳ್ಳುವುದಕ್ಕೂ ಒಂದು ಹದ ಇದೆ. ಗೇಟಿನಿಂದ ಚಾಚಿರುವ ಉದ್ದನೆಯ ತೊಲೆಯ ತುದಿಗೆ ಬೆನ್ನು, ಅಲ್ಲ, ಸೊಂಟದ ಕೆಳಗಿನ ಭಾಗ ಕೊಟ್ಟು ಕೂತ ಹಾಗೆ ಒರಗಿ. ನೆಲದಲ್ಲಿ ಕಮಾನಿನಂತೆ ಎಬ್ಬಿಸಿದ ಇಟ್ಟಿಗೆಯ ಸಾಲುಗಳು ಕಾಣುತ್ತವೆ, ಅವು ಇರುವುದು ಹಿಮ್ಮಡಿ ಊರಲಿಕ್ಕೆ. ಒಳಗಿನ ನೀರಿಗೂ ಹೊರಗಿನ ನೀರಿಗೂ ಒಂದೆರಡು ಇಂಚು ವ್ಯತ್ಯಾಸ ಇದ್ದರೂ ಗೇಟು ಕದಲುವುದಿಲ್ಲ. ಎಷ್ಟು ಮುಕ್ಕಿರಿದರೂ ವ್ಯರ್ಥ. ಸುಮ್ನೆ ಒರಗಿಕೊಂಡಿರಿ. ಮಟ್ಟ ಸಮ ಆದ ಗಳಿಗೆಗೆ ತೊಲೆ ತಾನೇ ಹಿಂದಕ್ಕೆ ಸರಿಯತೊಡಗುತ್ತದೆ.

ಕೆಳಗೆ ಇಳಿಯುವಾಗ ಕ್ರಮ ಇದರದೇ ಉಲ್ಟಾ. ಆದರೆ ಅಪಾಯ ಜಾಸ್ತಿ. ಮೇಲಿನ ಗೇಟಿನ ಬುಡದಲ್ಲಿ ಸಿಲ್ ಎಂಬ ಕಲ್ಲಿನ ಕಟ್ಟೆ ತೊಟ್ಟಿಯೊಳಕ್ಕೆ ಚಾಚಿರುತ್ತದೆ. ನೀರು ತುಂಬಿದಾಗ ಕಾಣುವುದಿಲ್ಲ. ನೀರು ಇಳಿಯುವಾಗ ದೋಣಿಯ ಬಾಲ ಅದರ ಮೇಲೆ ಕೂತರೆ ಬಾಲ ಮೇಲೆ, ಮೂತಿ ಕೆಳಗೆ ಆಗಿ ನಿಮಿಷದೊಳಗೆ ದೋಣಿ ಮುಳುಗುತ್ತದೆ. ಪಕ್ಕದ ಗೋಡೆಯ ಮೇಲೆ ಬಿಳಿ ಗೆರೆ ಇರುತ್ತದೆ. ಬಾಲ ಆ ಗೆರೆಗಿಂತ ಮುಂದೆಯೇ ಇರಬೇಕು, ಇಳಿಯುವಷ್ಟು ಹೊತ್ತೂ. ಹಗ್ಗವನ್ನು ಕಂಬಕ್ಕೆ ಬಿಗಿದು ಕಟ್ಟಲೇಬಾರದು, ನೀರು ಇಳಿದರೆ ದೋಣಿ ನೇತಾಡುತ್ತದೆ. ಏನೋ ಸರಿ ಇಲ್ಲ ಅನ್ನಿಸಿದ ತಕ್ಷಣ ಮೊದಲು ಕೆಳಗಿನ ಪ್ಯಾಡಲ್ ಇಳಿಸಿ, ಮತ್ತೆ ಯೋಚಿಸಿ.

ವಿಂಡ್ಲಾಸನ್ನು ಪ್ಯಾಡಲಿನ ಕಡ್ಡಿಗೆ ಸಿಕ್ಕಿಸಿ ಬಿಟ್ಟು ಹೋಗಬೇಡಿ. ಎತ್ತಿದ ಪ್ಯಾಡಲನ್ನು ಹಿಡಿದಿಡುವ ತಡೆಹಲ್ಲು ಜಾರಿದರೆ ವಿಂಡ್ಲಾಸ್ ಗಿರ್ರನೆ ತಿರುಗಿ ಕೈ ಮುರಿಯುತ್ತದೆ, ಇಲ್ಲವೇ ಹಾರಿಹೋಗುತ್ತದೆ.

ಹಂತ 7: ಮೇಲ್ಗಾಲುವೆ, ಸುರಂಗ, ಇಕ್ಕಟ್ಟು

ಎಲ್ಸ್‌ಮಿಯರ್ ಕಡೆಯಿಂದ ಹೋದರೆ ಮೊದಲು ಸಿಗುವುದು ಚರ್ಕ್ ಮೇಲ್ಗಾಲುವೆ, 1801ರದ್ದು, 70 ಅಡಿ ಎತ್ತರ. ಪಕ್ಕದಲ್ಲೇ ಅದಕ್ಕಿಂತ ಎತ್ತರದ ರೈಲು ಸೇತುವೆ. ಈ ಮೇಲ್ಗಾಲುವೆಯ ಮೇಲೆಯೇ ಇಂಗ್ಲೆಂಡ್ ಮುಗಿದು ವೇಲ್ಸ್ ಶುರು. ದಾಟಿದ ಕೂಡಲೇ 459 ಗಜದ ಸುರಂಗ. ಅದರಲ್ಲಿ ಒಂದು ಸಲಕ್ಕೆ ಒಂದೇ ದೋಣಿ. ಬಾಯಿಯ ಹತ್ತಿರ ನಿಂತು ಒಳಗೆ ದೀಪ ಕಾಣುತ್ತದಾ ನೋಡಿ. ಕಂಡರೆ ಕಾಯಿರಿ. ಇಲ್ಲದಿದ್ದರೆ ಹೆಡ್‌ಲೈಟ್ ಹಾಕಿ ಹೊರಡಿ. ಎದುರು ನೀರಿರುವುದರಿಂದ ದೋಣಿ ತೆವಳಿದ ಹಾಗೆ ಅನ್ನಿಸುತ್ತದೆ, ಗಾಬರಿ ಬೇಡ.

ಆಮೇಲೆ ಪಾಂಟ್‌ಕಸಲ್ತೆ ಮೇಲ್ಗಾಲುವೆ. ಇಂಜಿನಿಯರ್‌ಗಳಾದ ಥಾಮಸ್ ಟೆಲ್ಫರ್ಡ್ ಮತ್ತು ವಿಲಿಯಂ ಜೆಸಪ್ ಕಟ್ಟಿಸಿದ್ದು, 1805ರಲ್ಲಿ ತೆರೆದದ್ದು. 18 ಕಲ್ಲಿನ ಕಂಬಗಳ ಮೇಲೆ ಎರಕದ ಕಬ್ಬಿಣದ ತೊಟ್ಟಿ, ಉದ್ದ 307 ಮೀಟರ್, ಕೆಳಗೆ 38 ಮೀಟರ್ ಆಳದಲ್ಲಿ ಡೀ ನದಿ. 2009ರಿಂದ ವಿಶ್ವ ಪರಂಪರೆಯ ತಾಣ. ಒಂದು ಬದಿಗೆ ಟೋಪಾತ್, ಕಂಬಿ ಎಲ್ಲ ಇದೆ. ಇನ್ನೊಂದು ಬದಿಗೆ ಏನೂ ಇಲ್ಲ. ತೊಟ್ಟಿಯ ಅಂಚು ನೀರಿಗಿಂತ ಕೆಲವೇ ಇಂಚು ಮೇಲಿದೆ, ಟಿಲ್ಲರ್ ಹಿಡಿದು ನಿಂತವರಿಗೆ ಕಾಲಿನ ಪಕ್ಕ ನೇರ ಕೆಳಗೆ ಮರಗಳ ತಲೆ ಕಾಣುತ್ತದೆ. ಎತ್ತರದ ಭಯ ಇರುವವರು ಒಳಗೆ ಕೂತಿರಿ, ಇಲ್ಲವೇ ಟೋಪಾತ್ ಮೇಲೆ ಕಂಬಿ ಹಿಡಿದು ನಡೆಯಿರಿ. ಜೊತೆಗೆ ಮಕ್ಕಳಿದ್ದರೆ ಅವರು ಒಳಗೇ. ದೋಣಿ ಆಚೆ ಬೀಳುವ ಹಾಗೇ ಇಲ್ಲ, ತೊಟ್ಟಿಯೇ ಅದನ್ನು ಹಿಡಿದಿರುತ್ತದೆ. ಬೀಳುವುದು ಸೆಲ್ಫಿ ತೆಗೆಯಲು ಬಗ್ಗುವವರು. ದಾಟಿದ ತಕ್ಷಣ ಲ್ಯಾಂಗೋಲೆನ್ ದಾರಿ ಎಡಕ್ಕೆ ಚೂಪಾಗಿ ತಿರುಗುತ್ತದೆ. ನೇರ ಹೋದರೆ ಟ್ರೆವರ್ ಬೇಸಿನ್, ಅಲ್ಲಿ ದಾರಿ ಮುಗಿಯುತ್ತದೆ.

ಲ್ಯಾಂಗೋಲೆನ್ ಹತ್ತಿರ ಬಂದಾಗ ಬಂಡೆ ಕಡಿದು ಮಾಡಿದ ಇಕ್ಕಟ್ಟು ಸಿಗುತ್ತದೆ, ಒಂದು ದೋಣಿಯಷ್ಟೇ ಅಗಲ. ಒಬ್ಬರು ಇಳಿದು ಮುಂದೆ ನಡೆದು, ದಾರಿ ಖಾಲಿ ಇದ್ದರೆ ಫೋನ್ ಮಾಡಿ. ನೋಡದೆ ನುಗ್ಗಿದರೆ ಇಬ್ಬರಲ್ಲಿ ಒಬ್ಬರು ರಿವರ್ಸ್‌ನಲ್ಲಿ ಹಿಂದೆ ಹೋಗಬೇಕು, ಅದು ಯಾರಿಗೂ ಬೇಡದ ಶಿಕ್ಷೆ. ಲ್ಯಾಂಗೋಲೆನ್‌ನಿಂದ ಮುಂದಕ್ಕೆ ಇಂಜಿನ್ ದೋಣಿಗಳಿಗೆ ದಾರಿ ಇಲ್ಲ. ದೋಣಿ ಕಟ್ಟಿ, ಕಾಲುವೆಗೆ ನೀರು ಹುಟ್ಟುವ ಹಾರ್ಸ್‌ಶೂ ಫಾಲ್ಸ್‌ವರೆಗೆ ನಡೆದು ಬನ್ನಿ.

ಹಂತ 8: ದೋಣಿ ಕಟ್ಟುವುದು, ತಿರುಗಿಸುವುದು

ಟೋಪಾತ್ ಇರುವ ಬದಿಗೇ ಕಟ್ಟಿ. ಆಚೆ ಬದಿ ಸಾಮಾನ್ಯವಾಗಿ ಯಾರದೋ ಜಮೀನು. ಬೋರ್ಡಿನಲ್ಲಿ 24 ಗಂಟೆ, 48 ಗಂಟೆ ಅಂತ ಬರೆದಿದ್ದರೆ ಅಷ್ಟೇ ಹೊತ್ತು. ಲಾಕ್ ಬಾಯಲ್ಲಿ, ಸೇತುವೆಯ ಕೆಳಗೆ, ತಿರುವಿನಲ್ಲಿ, ನೀರಿನ ನಲ್ಲಿಯ ಮುಂದೆ ಕಟ್ಟಬೇಡಿ. ಮೂತಿಯನ್ನು ಮೊದಲು ದಂಡೆಗೆ ತಂದು, ನಡುವಿನ ಹಗ್ಗ ಹಿಡಿದು ಇಳಿಯಿರಿ. ಆಮೇಲೆ ಮುಂದೆ ಹಿಂದೆ ಎರಡೂ ಹಗ್ಗ ಕಟ್ಟಿ. ಗೂಟವನ್ನು ದಾರಿಯ ಮಧ್ಯೆ ಹೊಡೆಯದೆ ನೀರಿನ ಅಂಚಿಗೆ ಹೊಡೆಯಿರಿ, ಮೇಲೆ ಬಿಳಿ ಚೀಲವೊಂದನ್ನು ಕಟ್ಟಿದರೆ ಕತ್ತಲಲ್ಲಿ ಸೈಕಲ್‌ನವರು ಎಡವುವುದಿಲ್ಲ. ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟರವರೆಗೆ ಕಟ್ಟಿದ ಜಾಗದಲ್ಲಿ ಇಂಜಿನ್ ಓಡಿಸಬಾರದು. ಬಿಸಿನೀರು ಬರುವುದು ಇಂಜಿನ್ನಿಂದಲೇ, ಹಾಗಾಗಿ ದೋಣಿ ನಿಲ್ಲಿಸಿದ ಕೂಡಲೇ ಸ್ನಾನ ಮುಗಿಸಿದರೆ ಜಾಣತನ.

ದೋಣಿ ಕಾಲುವೆಯ ಅಗಲಕ್ಕಿಂತ ಉದ್ದ, ಬೇಕಾದಲ್ಲಿ ತಿರುಗಿಸಲಾಗದು. ವಿಂಡಿಂಗ್ ಹೋಲ್ ಎಂಬ ಅಗಲ ಮಾಡಿದ ಜಾಗಗಳಲ್ಲೇ ತಿರುಗಿಸಬೇಕು. ನಕ್ಷೆಯಲ್ಲಿ ಅವನ್ನು ಮೊದಲೇ ಗುರುತು ಮಾಡಿ, ನಿಮ್ಮ ದೋಣಿಯ ಉದ್ದಕ್ಕೆ ಸಾಲುತ್ತದಾ ಅಂತ ಕಂಪನಿಯವರನ್ನೇ ಕೇಳಿ.

ಹಂತ 9: ದಿನಾ ಬೆಳಿಗ್ಗೆ ಹತ್ತು ನಿಮಿಷ

ಇಂಜಿನ್ ಆಯಿಲ್ ನೋಡಿ. ನೀರಿನ ಟ್ಯಾಂಕ್ ಒಂದೆರಡು ದಿನಕ್ಕೊಮ್ಮೆ ತುಂಬಿ, ನಲ್ಲಿ ಸಿಕ್ಕಾಗಲೇ ತುಂಬುವುದು ಒಳ್ಳೆಯದು. ದೋಣಿ ಇದ್ದಕ್ಕಿದ್ದಂತೆ ನಿಧಾನ ಆಗಿ ನಡುಗತೊಡಗಿದರೆ ಪ್ರೊಪೆಲರ್‌ಗೆ ಬಟ್ಟೆ, ಪ್ಲಾಸ್ಟಿಕ್, ಹಗ್ಗ ಏನೋ ಸುತ್ತಿದೆ ಅಂತ ಅರ್ಥ. ಹಿಂದಿನ ಹಲಗೆಯ ಕೆಳಗೆ ವೀಡ್ ಹ್ಯಾಚ್ ಎಂಬ ಮುಚ್ಚಳ ಇದೆ, ಅದನ್ನು ತೆಗೆದು ಕೈ ಹಾಕಿ ಬಿಡಿಸಬಹುದು. ಮೊದಲು ಇಂಜಿನ್ ಆಫ್ ಮಾಡಿ, ಕೀ ತೆಗೆದು ನಿಮ್ಮ ಜೇಬಿಗೆ ಹಾಕಿಕೊಳ್ಳಿ. ಕೆಲಸ ಮುಗಿದ ಮೇಲೆ ಮುಚ್ಚಳ ಬಿಗಿಯಾಗಿ ಕೂತಿದೆಯಾ ಎರಡು ಸಲ ನೋಡಿ. ಸಡಿಲ ಬಿಟ್ಟು ಇಂಜಿನ್ ಹಾಕಿದರೆ ದೋಣಿಯೊಳಕ್ಕೆ ನೀರು ನುಗ್ಗುತ್ತದೆ. ಧೈರ್ಯ ಇಲ್ಲದಿದ್ದರೆ ಕಂಪನಿಗೆ ಫೋನ್ ಮಾಡಿ, ಬರುತ್ತಾರೆ.

ಹಂತ 10: ವಾಪಸ್ ಕೊಡುವುದು

ಬಹುಪಾಲು ಕಡೆ ಬೆಳಿಗ್ಗೆ ಒಂಬತ್ತಕ್ಕೆ ದೋಣಿ ಒಪ್ಪಿಸಬೇಕು. ಹಿಂದಿನ ರಾತ್ರಿಯೇ ಕಂಪನಿಯ ಜಾಗಕ್ಕೆ ಅರ್ಧ ಗಂಟೆ ದೂರದಲ್ಲಿ ಕಟ್ಟಿರಿ. ಕಸ ಹಾಕುವ ಜಾಗ, ಪಾತ್ರೆ ತೊಳೆದಿಡಬೇಕಾ, ಹಾಸಿಗೆ ಬಟ್ಟೆ ಏನು ಮಾಡಬೇಕು ಎಂಬುದನ್ನು ಮೊದಲ ದಿನ ಅವರು ದೋಣಿ ಕೊಡುವಾಗಲೇ ಕೇಳಿಟ್ಟುಕೊಳ್ಳಿ. ದೋಣಿಗೆ ಗೀರು, ಪಾತ್ರೆ ಒಡೆದದ್ದು, ವಿಂಡ್ಲಾಸ್ ನೀರುಪಾಲಾದದ್ದು ಏನಿದ್ದರೂ ನೀವೇ ಮೊದಲು ಹೇಳಿ, ಡೆಪಾಸಿಟ್ ಮಾತುಕತೆ ಸಲೀಸಾಗುತ್ತದೆ. ಡೀಸೆಲ್ ಲೆಕ್ಕ ಬೇರೆ ಇದ್ದರೆ ಇಂಜಿನ್ ಗಂಟೆಯ ಮೀಟರ್ ಅವರ ಎದುರಿಗೇ ಓದಿಸಿ, ರಸೀದಿ ತೆಗೆದುಕೊಂಡು ಹೊರಡಿ.